ಮನೆಯಿಂದ ತಂದ ವಾಕ್ಯ

ಸುಭಾಷಿಣಿ ಟೀಚರಿಗೆ ಗೈಡ್ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ಕಾಪುವಿನ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದವರು ಅವರು. ಗೈಡಿನಿಂದ ಕದ್ದ ವಾಕ್ಯವನ್ನು ಹತ್ತು ಮಾರು ದೂರದಿಂದಲೇ ಹಿಡಿಯುತ್ತಿದ್ದರು. ಯಾರಾದರೂ "ಲಂಡನ್ ಈಸ್ ಎ ಬಿಗ್ ಸಿಟಿ" ಎಂದು ಬರೆದರೆ ಮುಗಿಯಿತು. "ನೀನು ಲಂಡನ್ನಿಗೆ ಹೋದದ್ದು ಯಾವಾಗ ಮಾರಾಯ? ಪಡುಬಿದ್ರಿ ದಾಟಿದ್ದುಂಟಾ?" ಎಂದು ಇಡೀ ಕ್ಲಾಸಿನ ಎದುರು ಬೆವರಿಳಿಸುತ್ತಿದ್ದರು.

ಅವರ ಕ್ಲಾಸಿನಲ್ಲಿ ಬೋರ್ಡಿನ ಎಡಮೂಲೆ 'ದಿನಕ್ಕೊಂದು ಪದ'ಕ್ಕೆ ಮೀಸಲು. ಬೆಳಿಗ್ಗೆ ಬಂದ ಕೂಡಲೇ ಅಲ್ಲಿ ಒಂದು ಇಂಗ್ಲಿಷ್ ಪದ ಬರೆದು, ಅರ್ಥ ಹೇಳಿ, ಎಲ್ಲಿ ಬಳಸಬೇಕು ಎಲ್ಲಿ ಬಳಸಬಾರದು ಎಂದು ತೋರಿಸುವರು. ಮಕ್ಕಳು ಆ ಪದ ಹಾಕಿ ಒಂದು ವಾಕ್ಯ ಬರೆದು ಕೊಡಬೇಕು. ನಿಯಮ ಒಂದೇ: "ವಾಕ್ಯವನ್ನು ನಿಮ್ಮ ಮನೆಯಿಂದ ತನ್ನಿ." ಹಾಗಾಗಿ ಯಾರದ್ದೋ ಬೆಕ್ಕು ಹಠಮಾರಿಯಾಗುತ್ತಿತ್ತು, ಯಾರದ್ದೋ ಅಜ್ಜ ಕದ್ದುಮುಚ್ಚಿ ಕಳ್ಳಿನ ಗಡಂಗಿಗೆ ಹೋಗುತ್ತಿದ್ದರು, ಯಾರದ್ದೋ ಮಾಡು ಸೋರುತ್ತಿತ್ತು. ನಲವತ್ತೊಂದು ಮನೆಗಳ ಸಮಾಚಾರ ದಿನವೂ ಟೀಚರ ಮೇಜಿಗೆ ಬರುತ್ತಿತ್ತು.

ಅದರಿಂದ ಅವರಿಗೆ ಆ ಮನೆಗಳ ಕಷ್ಟಸುಖವೆಲ್ಲ ತಿಳಿದಿತ್ತು ಎಂದುಕೊಂಡರೆ ನೀವು ಮೇಷ್ಟರುಗಳನ್ನು ಹತ್ತಿರದಿಂದ ಕಂಡಿಲ್ಲ. ಕೈಯಲ್ಲಿ ಕೆಂಪು ಪೆನ್ನು ಇದ್ದವನ ಕಣ್ಣು ತಪ್ಪನ್ನು ಹುಡುಕುತ್ತದೆ. ತಪ್ಪು ಸಿಕ್ಕಿದರೆ ಒಂದು ಗೆರೆ, ಸಿಗದಿದ್ದರೆ ಒಂದು ರೈಟ್. ಒಂದು ಪುಸ್ತಕಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕೊಟ್ಟರೆ ಪಾಠ ಮುಗಿಯುವುದಿಲ್ಲ ಎಂದು ಅವರೇ ಹೊಸ ಟೀಚರುಗಳಿಗೆ ಬುದ್ಧಿ ಹೇಳುತ್ತಿದ್ದರು.

ಜುಲೈ ತಿಂಗಳ ಒಂದು ಮಂಗಳವಾರ ಒಂಬತ್ತನೇ ತರಗತಿಯ ಬೋರ್ಡಿಗೆ ಬಂದ ಪದ 'ಅಸ್ಕ್ಯೂ'.

"ಇಂಗ್ಲಿಷಿನವರಿಗೆ ಒಂದೊಂದು ಸೊಟ್ಟಕ್ಕೆ ಒಂದೊಂದು ಪದ ಉಂಟು," ಎಂದರು ಟೀಚರ್. "ನಮಗೇನು ಕಡಿಮೆಯಾ? ನಾಯಿಯ ಬಾಲ ಡೊಂಕು. ನೋಟ ಓರೆ. ಗಣಪತಿಯ ಸೊಂಡಿಲು ವಕ್ರ. ನಾಯಿಯ ಬಾಲ ವಕ್ರ ಅಂತ ಯಾರಾದರೂ ಹೇಳ್ತಾರಾ? ಇಲ್ಲ, ಅಲ್ವಾ? ಹಾಗೆಯೇ ಇದು. ನೆಟ್ಟಗಿರಬೇಕಾದ ವಸ್ತು ಜಾರಿ ವಾರೆಯಾದರೆ ಅಸ್ಕ್ಯೂ." ಗೋಡೆಯ ಮೇಲಿದ್ದ ಸಹಕಾರಿ ಸಂಘದ ಕ್ಯಾಲೆಂಡರನ್ನು ಬೆರಳಿನಿಂದ ಒಂದು ಬದಿಗೆ ದೂಡಿದರು. "ದಿ ಕ್ಯಾಲೆಂಡರ್ ಈಸ್ ಅಸ್ಕ್ಯೂ. ಕಂಡಿತಾ? ಇನ್ನು ನಿಮ್ಮ ಮನೆಯಲ್ಲಿ ಎಂತ ವಾರೆಯಾಗಿದೆ ನೋಡಿ ಬರೆಯಿರಿ."

ಎರಡನೆಯ ಪೀರಿಯಡ್ ಅವರಿಗೆ ಬಿಡುವು. ಸ್ಟಾಫ್ ರೂಮಿನಲ್ಲಿ ಚಹಾದ ಲೋಟ ಪಕ್ಕಕ್ಕಿಟ್ಟುಕೊಂಡು ತಿದ್ದಲು ಕೂತಾಗ ಗಂಟೆ ಹತ್ತೂ ಇಪ್ಪತ್ತು. ಒಬ್ಬನ ತಮ್ಮನ ಟೊಪ್ಪಿ ವಾರೆಯಾಗಿತ್ತು, ಒಬ್ಬಳ ಮನೆಯ ಗೇಟು ವಾರೆಯಾಗಿತ್ತು. ಮೋಕ್ಷಾ ಎಂಬ ಹುಡುಗಿಯ ಪುಸ್ತಕ ಬಂತು. ಎರಡನೇ ಬೆಂಚಿನ ತುದಿಯಲ್ಲಿ ಕೂರುವ, ಕರೆದರೆ ಮಾತ್ರ ಎದ್ದು ನಿಲ್ಲುವ ಹುಡುಗಿ. ತಂದೆ ಸುಂದರ ಕುವೈತಿನಲ್ಲಿ ಕ್ರೇನ್ ಓಡಿಸುವವರು. ತಾಯಿ ಮೋಹಿನಿ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಮನೆಯಲ್ಲಿ ಅಮ್ಮ ಮಗಳು ಇಬ್ಬರೇ. ತಿದ್ದಿ ಆಯಿತು, ಪುಸ್ತಕ ಮುಚ್ಚಿ ಆಯಿತು, ಚಹಾ ಕುಡಿದೂ ಆಯಿತು. ಆ ಪುಸ್ತಕದಲ್ಲಿ ಏನಿತ್ತೆಂದು ಯಾರಾದರೂ ಆ ಮಧ್ಯಾಹ್ನ ಕೇಳಿದ್ದರೆ ಟೀಚರಿಗೆ ನೆನಪಿರುತ್ತಿರಲಿಲ್ಲ.

ಮೋಕ್ಷಾ ಮರುದಿನ ಬರಲಿಲ್ಲ. ಗುರುವಾರ ಸುದ್ದಿ ಬಂತು. ಮಂಗಳವಾರ ಮಧ್ಯಾಹ್ನ ಮೋಹಿನಿ ಬೀಡಿಯ ಮೊರದ ಮೇಲೆ ಕವುಚಿ ಬಿದ್ದಿದ್ದಳಂತೆ, ಎಲೆ ಕೇಳಲು ಬಂದ ಪಕ್ಕದ ಮನೆಯಾಕೆ ನೋಡುವಾಗ ಮೂರು ಗಂಟೆ. ಮಣಿಪಾಲಕ್ಕೆ ಕರೆದುಕೊಂಡು ಹೋದರಂತೆ.

ಕ್ಲಾಸ್ ಟೀಚರ್ ಲೀನಾ ಜೊತೆ ಸುಭಾಷಿಣಿಯೂ ಒಂದು ಡಜನ್ ಮೂಸಂಬಿ ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಮೋಹಿನಿಯ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ವಾರ್ಡಿನ ಹೊರಗೆ ಬೆಂಚಿನಲ್ಲಿ ಕಾರ್ಕಳದಿಂದ ಬಂದ ಅಜ್ಜಿ, ಮೋಹಿನಿಯ ತಾಯಿ, ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು, ಪಕ್ಕದಲ್ಲಿ ಮೋಕ್ಷಾ ನಿಂತಿದ್ದಳು. ಚಿಕ್ಕ ಪ್ರಾಯದ ಡಾಕ್ಟರೊಬ್ಬರು ನಿಂತುಕೊಂಡೇ ವಿವರಿಸಿದರು. ಬಾಯಿ ಒಂದು ಬದಿಗೆ ಎಳೆದದ್ದೇ ಮೊದಲ ಗುರುತು, ಆಗಿನಿಂದ ನಾಲ್ಕೂವರೆ ಗಂಟೆಯ ಒಳಗೆ ತಂದಿದ್ದರೆ ಕೊಡುವ ಇಂಜೆಕ್ಷನ್ ಉಂಟು, ಹೊತ್ತು ಮೀರಿದರೆ ಅದು ಉಪಯೋಗಕ್ಕೆ ಬರುವುದಿಲ್ಲ.

"ಎಷ್ಟು ಹೊತ್ತಿಗೆ ಬಾಯಿ ಎಳೆದದ್ದು?" ಎಂದು ಲೀನಾ ಕೇಳಿದರು.

"ಬೆಳಿಗ್ಗೆ ಏಳು ಗಂಟೆಗೆ," ಎಂದಳು ಮೋಕ್ಷಾ. "ಅಮ್ಮ ರಾತ್ರಿ ಫ್ಯಾನಿನ ಗಾಳಿ ಕೆನ್ನೆಗೆ ಹೊಡೆದದ್ದು ಅಂತ ಹೇಳಿದರು. ಕನ್ನಡಿ ನೋಡಿ ನಗಾಡಿದರು. ಎಣ್ಣೆ ಬಿಸಿ ಮಾಡಿ ಹಚ್ಚಿದರು."

ಅಷ್ಟರಲ್ಲಿ ಕುವೈತಿನಿಂದ ವಿಡಿಯೋ ಕಾಲ್ ಬಂತು. ಸುಂದರ ತುಳುವಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದುದು ಕಾರಿಡಾರಿನ ತುದಿಯವರೆಗೂ ಕೇಳುತ್ತಿತ್ತು. ಮನೆಯಲ್ಲಿದ್ದವಳು ನೀನೊಬ್ಬಳೇ, ನಿನಗೆ ಕಣ್ಣಿರಲಿಲ್ಲವಾ, ಯಾರಿಗಾದರೂ ಒಬ್ಬರಿಗೆ ಹೇಳಲಿಕ್ಕೆ ನಿನಗೆ ಬಾಯಿರಲಿಲ್ಲವಾ? ಹುಡುಗಿ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡು ಕೇಳುತ್ತಾ ನಿಂತಿದ್ದಳು.

ಸುಭಾಷಿಣಿ ಟೀಚರ್ ಹತ್ತಿರ ಹೋಗಿ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟರು. ಪ್ರೀತಿಯಿಂದಲೇ ಅಂದರು: "ನನಗಾದರೂ ಒಂದು ಮಾತು ಹೇಳಬಾರದಿತ್ತಾ ಮಗಾ? ನಾನೇನು ಹುಲಿಯಾ?"

ಮೋಕ್ಷಾ ತಲೆಯೆತ್ತಿ ಅವರ ಮುಖ ನೋಡಿದಳು. ಸ್ವಲ್ಪ ಹೊತ್ತು ನೋಡಿ, ನೆಲ ನೋಡಿದಳು. ಪಾಪ, ಹೆದರಿದೆ ಎಂದುಕೊಂಡರು ಟೀಚರ್.

ಸೆಪ್ಟೆಂಬರಿನಲ್ಲಿ ಅಜ್ಜಿ ಮೊಮ್ಮಗಳ ಟಿ.ಸಿ. ತೆಗೆದುಕೊಳ್ಳಲು ಬಂದರು. ಮೋಹಿನಿಯನ್ನು ಕಾರ್ಕಳದ ಮನೆಗೆ ಕರೆದೊಯ್ದಾಗಿತ್ತು, ಹುಡುಗಿಯನ್ನೂ ಅಲ್ಲಿಯ ಶಾಲೆಗೆ ಸೇರಿಸಬೇಕಿತ್ತು. ಆಫೀಸಿನ ಕೆಲಸ ಮುಗಿದ ಮೇಲೆ ಮೋಕ್ಷಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಟೀಚರ್, ನನ್ನ ದಿನಕ್ಕೊಂದು ಪದದ ಪುಸ್ತಕ ಬೇಕಿತ್ತು."

"ಈಗ ಕೊಡಲಿಕ್ಕೆ ಆಗುವುದಿಲ್ಲ ಮಗಾ. ಇಲಾಖೆಯವರು ತನಿಖೆಗೆ ಬರ್ತಾರೆ, ನಲವತ್ತೊಂದೂ ತೋರಿಸಬೇಕು. ಅಲ್ಲಿ ಹೊಸ ಪುಸ್ತಕ ಮಾಡಿಕೋ."

"ಒಂದೇ ಒಂದು ಪುಟ ನೋಡಿ ಕೊಡ್ತೇನೆ ಟೀಚರ್."

"ಹಳೆ ಪುಸ್ತಕವೆಲ್ಲ ಕಟ್ಟಿಟ್ಟಾಗಿದೆ ಮಾರಾಯ್ತಿ, ಬಿಚ್ಚಲಿಕ್ಕೆ ಪುರುಸೊತ್ತಿಲ್ಲ ಈಗ."

ಹುಡುಗಿ ಸರಿ ಎಂದು ಹೋದಳು.

ತನಿಖೆ ಮುಗಿದದ್ದು ನವೆಂಬರಿನಲ್ಲಿ. ಕಟ್ಟು ಬಿಚ್ಚಿ ಹಂಚಿದಾಗ ನಲವತ್ತು ಪುಸ್ತಕಗಳಿಗೆ ವಾರಸುದಾರರು ಸಿಕ್ಕಿದರು, ಒಂದು ಉಳಿಯಿತು. ಅಂಚೆಯಲ್ಲಿ ಕಳಿಸಿದರಾಯಿತು ಎಂದು ಸುಭಾಷಿಣಿ ಅದನ್ನು ಚೀಲಕ್ಕೆ ಹಾಕಿಕೊಂಡು ಕಡಿಯಾಳಿಯ ತಮ್ಮ ಮನೆಗೆ ತಂದರು. ಸಂಜೆ ಜಗಲಿಯಲ್ಲಿ ಕೂತು ಸುಮ್ಮನೆ ಪುಟ ತಿರುಗಿಸಿದರು. ಜುಲೈ ತಿಂಗಳ ಆ ಮಂಗಳವಾರದ ಪುಟ ಬಂತು.

'ಮೈ ಮದರ್ಸ್ ಮೌತ್ ಈಸ್ ಅಸ್ಕ್ಯೂ ಸಿನ್ಸ್ ಮಾರ್ನಿಂಗ್.'

ನನ್ನ ಅಮ್ಮನ ಬಾಯಿ ಬೆಳಿಗ್ಗೆಯಿಂದ ವಾರೆಯಾಗಿದೆ. ಅದರ ಮೇಲೆ ಅವರದೇ ಕೆಂಪು ಪೆನ್ನು. ಮೊದಲು 'ಈಸ್' ಹೊಡೆದು 'ಹ್ಯಾಸ್ ಬೀನ್' ಮಾಡಿದ್ದರು, ಬೆಳಿಗ್ಗೆಯಿಂದ ಎಂದಿದೆಯಲ್ಲ ಎಂದು. ಆಮೇಲೆ ಇಡೀ ವಾಕ್ಯಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದರು: 'ತಪ್ಪು. ಬಾಯಿಗೆ ಹೀಗೆ ಹೇಳುವುದಿಲ್ಲ. ವಸ್ತುಗಳಿಗೆ ಮಾತ್ರ. ಬೇರೆ ಬರೆ.' ಅದರ ಕೆಳಗೆ ಹುಡುಗಿ ಮೂರನೆಯ ಪೀರಿಯಡಿನಲ್ಲಿ ಬರೆದು ತಂದದ್ದು: 'ದಿ ಕ್ಯಾಲೆಂಡರ್ ಈಸ್ ಅಸ್ಕ್ಯೂ.' ಬೋರ್ಡಿನಿಂದಲೇ ಕಾಪಿ ಹೊಡೆದ ಆ ವಾಕ್ಯಕ್ಕೆ ದೊಡ್ಡದೊಂದು ರೈಟ್ ಬಿದ್ದಿತ್ತು, ಜೊತೆಗೆ 'ಗುಡ್' ಎಂದೂ ಇತ್ತು.

ಟೀಚರ್ ಮೊದಲು ಲೆಕ್ಕ ಹಾಕಿದ್ದು ಹೊತ್ತನ್ನು. ಏಳಕ್ಕೆ ನಾಲ್ಕೂವರೆ ಸೇರಿಸಿದರೆ ಹನ್ನೊಂದೂವರೆ. ಅವರು ಈ ಗೆರೆ ಎಳೆದದ್ದು ಹತ್ತೂ ಇಪ್ಪತ್ತರ ನಂತರ. ಕಾಪುವಿನಿಂದ ಮಣಿಪಾಲಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಎಷ್ಟು ಸಲ ಎಣಿಸಿದರೂ ಹೊತ್ತು ಉಳಿಯುತ್ತಿತ್ತು.

ಆಮೇಲೆ ಒಳಗೆ ಹೋಗಿ ದಪ್ಪ ಡಿಕ್ಷನರಿ ತೆಗೆದರು. ಟೊಪ್ಪಿ, ಚಿತ್ರಪಟ, ಟೈ ಎಂಬ ಉದಾಹರಣೆಗಳ ನಂತರ, ನಗು ಎಂದೂ ಇತ್ತು. ಅಂದರೆ ಬಾಯಿಗೂ ಹೇಳಬಹುದಿತ್ತು. ಇಪ್ಪತ್ತಾರು ವರ್ಷ ವಸ್ತುಗಳಿಗೆ ಮಾತ್ರ ಎಂದು ಕಲಿಸಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಡಿಕ್ಷನರಿಯ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ. ಒಂದು ವೇಳೆ ಆ ಪದ ಅಲ್ಲಿ ನಿಜಕ್ಕೂ ಸಲ್ಲದೇ ಇದ್ದಿದ್ದರೂ ಏನಾಗುತ್ತಿತ್ತು? ಹುಡುಗಿ ಹೇಳಿದ್ದು ಅಮ್ಮನ ವಿಷಯ. ಇವರು ನೋಡಿದ್ದು ಪದವನ್ನು.

ಗಂಡ ರಾಮದಾಸರು ದೇವಸ್ಥಾನದ ಸೇವಾ ಕೌಂಟರಿನ ಕೆಲಸ ಮುಗಿಸಿ ಬಂದರು. ಹೆಂಡತಿ ಪುಸ್ತಕ ಎದುರಿಗೆ ಹಿಡಿದರು. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

"ಮಕ್ಕಳು ಕನ್ನಡವನ್ನೇ ಇಂಗ್ಲಿಷಿಗೆ ತಿರುಗಿಸುವುದು. ಅಮ್ಮ ಸಿಟ್ಟಿನಲ್ಲಿ ಮುಖ ಸೊಟ್ಟ ಮಾಡಿದ್ದಾಳೆ ಅಂತ ತಿಳಿದದ್ದು ನೀನು. ಹಾಗೇ ಅಲ್ವಾ?"

"ಅಲ್ಲ," ಎಂದರು ಸುಭಾಷಿಣಿ. "ಹಾಗೆ ತಿಳಿದಿದ್ದರಾದರೂ ಒಂದು ಮರ್ಯಾದೆ ಇರ್ತಿತ್ತು. ನಾನು ಎಂತದೂ ತಿಳಿಯಲಿಲ್ಲ."

"ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲ ಎಂತ ಉಂಟು? ಆ ಹುಡುಗಿ ಇಷ್ಟೊತ್ತಿಗೆ ಮರೆತಿರ್ತದೆ. ನೀನಾಗಿ ಹೋಗಿ ಯಾಕೆ ಎಬ್ಬಿಸ್ತೀ? ಇನ್ನು ಎರಡು ವರ್ಷಕ್ಕೆ ರಿಟೈರ್ ಆಗುವವಳು. ನಾಳೆ ಊರಿಡೀ ಆಡಿಕೊಳ್ತದೆ."

ಆ ಮಾತು ಅವರಿಗೆ ಹಿತವಾಗಿಯೇ ಕೇಳಿಸಿತು, ಸುಳ್ಳು ಯಾಕೆ. ಪುಸ್ತಕ ಕಪಾಟಿನಲ್ಲಿ ಪಟ್ಟೆ ಸೀರೆಗಳ ಕೆಳಗೆ ಸೇರಿತು. ಹನ್ನೊಂದು ದಿನ ಅಲ್ಲಿಯೇ ಇತ್ತು. ಆ ಹನ್ನೊಂದು ದಿನವೂ ಶಾಲೆಯ ಬೋರ್ಡಿನ ಎಡಮೂಲೆ ಖಾಲಿಯಿತ್ತು. ಮಕ್ಕಳು ಕೇಳಿದರೆ ಪಾಠ ಉಳಿದಿದೆ ಎನ್ನುತ್ತಿದ್ದರು.

ಹನ್ನೆರಡನೆಯ ದಿನ ಲೀನಾ ಟೀಚರ್ ಊಟದ ಡಬ್ಬಿ ಬಿಚ್ಚುತ್ತಾ ಅಂದರು, "ಮೋಕ್ಷಾನ ಅಜ್ಜಿಗೆ ಫೋನ್ ಮಾಡಿದ್ದೆ. ಬೇಜಾರು ಮಾರಾಯ್ರೆ. ಅವಳು ವಾರದಿಂದ ಶಾಲೆಗೆ ಹೋಗುವುದಿಲ್ಲವಂತೆ. ಅಮ್ಮ ಹೀಗಾದದ್ದು ನನ್ನಿಂದ, ನಾನೇ ನೋಡಿಕೊಳ್ಬೇಕು ಹೇಳ್ತಾಳಂತೆ. ಅವಳ ಅಪ್ಪ ಇವತ್ತಿನವರೆಗೆ ಅವಳ ಹತ್ತಿರ ಒಂದು ಒಳ್ಳೆ ಮಾತು ಆಡಿಲ್ಲ. ಫೋನ್ ಮಾಡಿದರೆ ಅಜ್ಜಿಗೆ ಕೊಡು ಅನ್ನುವುದಂತೆ."

ಸುಭಾಷಿಣಿ ಟೀಚರ್ ತುತ್ತನ್ನು ಡಬ್ಬಿಗೇ ಹಾಕಿದರು. ಆಸ್ಪತ್ರೆಯಲ್ಲಿ ಆ ಹುಡುಗಿ ತಲೆಯೆತ್ತಿ ತಮ್ಮ ಮುಖ ನೋಡಿದ್ದು ಯಾಕೆಂದು ಅವರಿಗೆ ಈಗ ಸಂಶಯವಿರಲಿಲ್ಲ. ಒಂದು ಪುಟ ನೋಡಿ ಕೊಡುತ್ತೇನೆ ಎಂದು ಬಾಗಿಲಲ್ಲಿ ನಿಂತದ್ದೂ ಅದಕ್ಕೇ. ಹೇಳಿದವಳು ಹೇಳಿಲ್ಲವೆಂಬ ಹೊರೆ ಹೊತ್ತು ಶಾಲೆ ಬಿಟ್ಟು ಕೂತಿದ್ದಾಳೆ, ಕೇಳಿಸಿಕೊಳ್ಳದವರು ಸೀರೆಯ ಕೆಳಗೆ ಸಾಕ್ಷಿ ಬಚ್ಚಿಟ್ಟಿದ್ದಾರೆ. ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

ಶುಕ್ರವಾರ ರಜೆ ಹಾಕಿ ಕಡಿಯಾಳಿಯಲ್ಲೇ ಕಾರ್ಕಳದ ಬಸ್ಸು ಹತ್ತಿದರು. ಮಣಿಪಾಲದಲ್ಲಿ ಬಸ್ಸು ತುಂಬಿತು, ಹಿರಿಯಡ್ಕದಲ್ಲಿ ಖಾಲಿಯಾಯಿತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿದರು, ಒಂದೂ ನಿಲ್ಲಲಿಲ್ಲ.

ಪೇಟೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಚಿಕ್ಕ ಹಂಚಿನ ಮನೆ. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗೆ ದಿಂಬು ಒತ್ತಿ ಮೋಹಿನಿಯನ್ನು ಕೂರಿಸಿದ್ದರು. ತೊಡೆಯ ಮೇಲೆ ಬಾಯಿ ಒರೆಸುವ ಒಂದು ಬೈರಾಸು. ಬಾಯಿಯ ಬಲತುದಿ ಇಳಿದು, ಜೊಲ್ಲು ಗಲ್ಲಕ್ಕೆ ಬರುತ್ತಿತ್ತು. ಟೀಚರನ್ನು ಕಂಡ ಕೂಡಲೇ ಗುರುತು ಹಿಡಿದಳು. ನಮಸ್ಕಾರ ಮಾಡಲು ಹೋದಳು. ಎಡಗೈ ಒಂದೇ ಎದೆಯವರೆಗೆ ಬಂತು. ಸುಭಾಷಿಣಿ ಟೀಚರಿಗೆ ಅಲ್ಲಿಂದಲೇ ತಿರುಗಿ ಓಡಿಹೋಗುವ ಹಾಗಾಯಿತು.

ಅಜ್ಜಿ ರೇಷನ್ನಿಗೆ ಹೋಗಿದ್ದರು. ಮೋಕ್ಷಾ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ನಾಲ್ಕು ತಿಂಗಳಲ್ಲಿ ಹತ್ತು ವರ್ಷ ದೊಡ್ಡವಳಾದಂತಿದ್ದಳು. ಟೀಚರ್ ಏನೂ ಪೀಠಿಕೆ ಹಾಕದೆ ಚೀಲದಿಂದ ಪುಸ್ತಕ ತೆಗೆದು, ಆ ಪುಟ ಬಿಡಿಸಿ, ಅವಳ ಕೈಗೆ ಕೊಟ್ಟರು.

"ನೀನು ಕೇಳಿದ ಪುಟ ಇದೇ ಅಲ್ವಾ?"

ಮೋಕ್ಷಾ ತಲೆಯಾಡಿಸಿದಳು.

"ನೀನು ನನಗೆ ಹೇಳಿದ್ದೆ. ನಾನು ತಿದ್ದಿದೆ. ಆಸ್ಪತ್ರೆಯಲ್ಲಿ ಹೇಳಬಾರದಿತ್ತಾ ಅಂತ ನಿನಗೇ ಬೈದೆ. ನೀನು ಆಗಲೇ ಯಾಕೆ ಹೇಳಲಿಲ್ಲ ಮಗಾ, ಟೀಚರ್, ನಾನು ಬರೆದಿದ್ದೆ ಅಂತ?"

"ಎಲ್ಲರೂ ನೀನು ಹೇಳಲಿಲ್ಲ ಅನ್ನುವಾಗ ನನಗೇ ಸಂಶಯ ಬಂತು ಟೀಚರ್, ನಿಜಕ್ಕೂ ಬರೆದದ್ದಾ, ಬರೆಯಬೇಕು ಅಂತ ಮನಸ್ಸಿನಲ್ಲಿ ಗ್ರೇಶಿದ್ದು ಮಾತ್ರವಾ ಅಂತ. ಪುಸ್ತಕ ನೋಡಿದರೆ ಗೊತ್ತಾಗ್ತಿತ್ತು." ಅವಳು ಪುಟದ ಮೇಲೆ ಬೆರಳಾಡಿಸಿದಳು. "ಪಪ್ಪನಿಗೆ ಹೇಳಿದೆ. ಸುಳ್ಳು ಹೇಳ್ಬೇಡ ಅಂದರು. ಟೀಚರ್ ಓದಿದ್ದರೆ ಸುಮ್ಮನಿರ್ತಿದ್ದರಾ ಅಂದರು."

ಟೀಚರ್ ಜಗಲಿಯ ದಂಡೆಯ ಮೇಲೆ ಕೂತುಬಿಟ್ಟರು.

"ಅಮ್ಮ ಎಂತ ಇಲ್ಲ ಅಂದರೂ ನನಗೆ ಹೆದರಿಕೆ ಆಗಿತ್ತು," ಎಂದಳು ಮೋಕ್ಷಾ. ಗೊಣಗುವ ದನಿಯಲ್ಲ, ಪಾಠ ಒಪ್ಪಿಸುವ ದನಿ. "ನೀವು ಮನೆಯಲ್ಲಿ ಎಂತ ವಾರೆಯಾಗಿದೆ ಅಂತ ಕೇಳಿದಿರಿ. ಬರೆದರೆ ನೀವು ಕರೆದು ಕೇಳ್ತೀರಿ ಅಂತ ಗ್ರೇಶಿದೆ. ನೀವು ತಪ್ಪು ಹಾಕಿದಿರಿ. ಬಾಯಿಗೆ ಹಾಗೆ ಹೇಳುವುದಿಲ್ಲ ಅಂದರೆ ಬಾಯಿಗೆ ಹಾಗೆ ಆಗುವುದೂ ಇಲ್ಲ ಅಂದುಕೊಂಡೆ. ನನಗೆ ಸಮಾಧಾನ ಆಯ್ತು ಟೀಚರ್. ಮಧ್ಯಾಹ್ನ ಬುತ್ತಿ ಪೂರಾ ತಿಂದೆ."

ಅವರಿಗೆ ಅಳು ಬಂತು. ಹುಡುಗಿ ಅಳಲಿಲ್ಲ.

"ನನ್ನ ವಾಕ್ಯ ತಪ್ಪಾ ಟೀಚರ್?"

"ಅಲ್ಲ. ಸರಿಯಿತ್ತು. ತಪ್ಪು ನನ್ನದು."

"ಹಾಗಾದರೆ ರೈಟ್ ಹಾಕಿ."

ಚೀಲದಲ್ಲಿ ಕೆಂಪು ಪೆನ್ನಿತ್ತು, ಎಲ್ಲಿ ಹೋದರೂ ಇರುತ್ತಿತ್ತು. ಅಡ್ಡಗೆರೆ ಎಳೆದ ವಾಕ್ಯದ ಪಕ್ಕದಲ್ಲಿ ಟೀಚರ್ ರೈಟ್ ಹಾಕಿದರು. ಅದರ ಕೆಳಗೆ ಕನ್ನಡದಲ್ಲಿ ಬರೆದರು: 'ಇದನ್ನು ನಾನು ಅದೇ ದಿನ ಬೆಳಿಗ್ಗೆ ಹತ್ತೂವರೆಯ ಒಳಗೆ ಓದಿದ್ದೇನೆ.' ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಮೋಕ್ಷಾ ಮೊಬೈಲ್ ತಂದು ಪುಟದ ಫೋಟೋ ತೆಗೆದಳು. ಕಳಿಸುವ ಮೊದಲು ಒಮ್ಮೆ ಅವರ ಮುಖ ನೋಡಿದಳು.

"ಕಳಿಸು," ಎಂದರು ಟೀಚರ್.

ಕುವೈತಿನಲ್ಲಿ ಶುಕ್ರವಾರ ರಜೆ. ಐದು ನಿಮಿಷದಲ್ಲಿ ಫೋನ್ ಬಂತು. ಹುಡುಗಿ ಎತ್ತಲಿಲ್ಲ. ರಿಂಗಾಗುತ್ತಿದ್ದ ಫೋನನ್ನು ಟೀಚರ ಎದುರು ಹಿಡಿದಳು.

"ನೀವೇ ಹೇಳಿ."

ಇಪ್ಪತ್ತಾರು ವರ್ಷ ಮಕ್ಕಳನ್ನು ನಿಲ್ಲಿಸಿ ವಾಕ್ಯ ಹೇಳಿಸಿದವರು ಫೋನ್ ಹಿಡಿದು ತುಳುವಿನಲ್ಲಿ ಹೇಳಿದರು. ನಾನು ಸುಭಾಷಿಣಿ ಟೀಚರ್. ನಿಮ್ಮ ಮಗಳು ಹೇಳಿದ್ದಳು. ಅದೇ ದಿನ ಬೆಳಿಗ್ಗೆಯೇ, ನನಗೇ ಹೇಳಿದ್ದಳು. ನಾನು ಸುಮ್ಮನಿದ್ದೆ.

ಬೈಗುಳಕ್ಕೆ ಟೀಚರ್ ತಯಾರಾಗಿ ಕೂತಿದ್ದರು. ಸುಂದರ ಬೈಯಲಿಲ್ಲ. "ಮಗಳು ಅಲ್ಲಿ ಇದ್ದಾಳಾ? ಅವಳಿಗೆ ಕೊಡಿ," ಎಂದರು.

ಮೋಕ್ಷಾ ಫೋನ್ ತೆಗೆದುಕೊಂಡು ಒಳಗೆ ಹೋದಳು. 'ಪಪ್ಪಾ' ಎಂದದ್ದು ಕೇಳಿಸಿತು. ಆಮೇಲೆ ಅವಳು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

ಜಗಲಿಯಲ್ಲಿ ಉಳಿದದ್ದು ಇಬ್ಬರೇ. ಮೋಹಿನಿಗೆ ಹೋದದ್ದು ಮಾತು. ಕಿವಿ ಚೆನ್ನಾಗಿಯೇ ಇತ್ತು. ಎಲ್ಲವೂ ಅವಳ ಎದುರಿನಲ್ಲೇ ನಡೆದಿತ್ತು. ಅವಳು ಕಣ್ಣರೆಪ್ಪೆ ಬಡಿಯದೆ ಟೀಚರನ್ನೇ ನೋಡುತ್ತಿದ್ದಳು. ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿತ್ತು. ಸುಭಾಷಿಣಿ ಟೀಚರ್ ಎದ್ದು ಹೋಗಿ, ಅವಳ ತೊಡೆಯ ಮೇಲಿದ್ದ ಬೈರಾಸು ತೆಗೆದುಕೊಂಡು, ಬಾಯಿ ಒರೆಸಲು ಬಗ್ಗಿದರು.

ಮೋಹಿನಿ ಮುಖ ಆಚೆಗೆ ತಿರುಗಿಸಿದಳು. ಎಡಗೈ ಚಾಚಿ ಬೈರಾಸನ್ನು ಅವರ ಕೈಯಿಂದ ಎಳೆದುಕೊಂಡು, ತಾನೇ ಒರೆಸಿಕೊಂಡಳು.